ಬಾಡಿಗೆಯ ಕ್ಯಾಮೆರಾ, ಮನೆತನದ ಹೊಣೆ

ಚಲನಚಿತ್ರದ ಹೆಸರುಗಳ ಪಟ್ಟಿಯಲ್ಲಿ ನಟನಟಿಯರನ್ನೂ ನಿರ್ದೇಶಕರನ್ನೂ ಪ್ರೇಕ್ಷಕರು ಆಸಕ್ತಿಯಿಂದ ಗುರುತಿಸುತ್ತಾರೆ. ಅದೇ ಪಟ್ಟಿಯ ಒಂದು ಮೂಲೆಯಲ್ಲಿ ಕ್ಯಾಮೆರಾ ಒದಗಿಸಿದವರ ಹೆಸರೂ ಇರುತ್ತದೆ. ಅದನ್ನು ಓದುವವರು ವಿರಳ. ಚಿತ್ರ ತೆಗೆಯುವವರು ಸಾಮಾನ್ಯವಾಗಿ ಕ್ಯಾಮೆರಾವನ್ನು ಕೊಳ್ಳುವುದಿಲ್ಲ. ಅದರ ಬೆಲೆ ದೊಡ್ಡದು, ಒಂದು ಚಿತ್ರಕ್ಕೆ ಅದರ ಬಳಕೆ ಕೆಲವೇ ವಾರಗಳದು. ಆದುದರಿಂದ ಬಾಡಿಗೆಗೆ ಕೊಡುವವರೊಬ್ಬರು ಬೇಕು. ಈ ವ್ಯವಹಾರವನ್ನು ಒಂದು ಮನೆತನ ಹೇಗೆ ಕಟ್ಟಿತು, ಹೇಗೆ ಬೆಳೆಸಿತು, ಕೊನೆಗೆ ಅದು ಕೈಬಿಟ್ಟದ್ದು ಹೇಗೆ ಎಂಬುದಕ್ಕೆ ಲಂಡನ್ನಿನ ಸ್ಯಾಮ್ಯುಯೆಲ್ಸನ್ ಸಹೋದರರ ಕಥೆ ಒಳ್ಳೆಯ ನಿದರ್ಶನ.

ಇವರ ತಂದೆ ಜಿ. ಬಿ. ಸ್ಯಾಮ್ಯುಯೆಲ್ಸನ್ ಬ್ರಿಟನ್ನಿನ ಮೂಕಿಚಿತ್ರಗಳ ಕಾಲದ ಪ್ರಮುಖ ನಿರ್ಮಾಪಕರು. 1914ರಲ್ಲಿ ಷರ್ಲಾಕ್ ಹೋಮ್ಸನ ಕಥೆಯೊಂದನ್ನು ತೆರೆಗೆ ತಂದವರು. ಐಲ್‌ವರ್ತಿನ ವರ್ಟನ್ ಹಾಲ್ ಎಂಬ ಬಂಗಲೆಯನ್ನು ಸ್ಟುಡಿಯೋ ಆಗಿ ಮಾರ್ಪಡಿಸಿದವರು. ಮೂಕಿಚಿತ್ರಗಳ ಯುಗ ಮುಗಿದ ಬಳಿಕ ಆ ವೈಭವ ಉಳಿಯಲಿಲ್ಲ. 1947ರಲ್ಲಿ ಅವರು ತೀರಿಕೊಂಡರು. ಮಗ ಸಿಡ್ನಿ ಓದನ್ನು ಹದಿನಾಲ್ಕನೆಯ ವಯಸ್ಸಿಗೇ ನಿಲ್ಲಿಸಿ, 1939ರಲ್ಲಿ ಸಸೆಕ್ಸಿನ ಲ್ಯಾನ್ಸಿಂಗ್ ಎಂಬ ಊರಿನ ಚಿತ್ರಮಂದಿರದಲ್ಲಿ ರೀಲು ಸುತ್ತುವ ಹುಡುಗನಾಗಿ ಸೇರಿದ್ದರು. ಯುದ್ಧಕಾಲದಲ್ಲಿ ವಾಯುಸೇನೆಯಲ್ಲಿದ್ದು ಮರಳಿ ಬಂದು ಛಾಯಾಗ್ರಾಹಕರಾದರು. 1953ರಲ್ಲಿ ರಾಣಿ ಎಲಿಜಬೆತ್ತಳ ಪಟ್ಟಾಭಿಷೇಕವನ್ನು ಚಿತ್ರೀಕರಿಸಿದ ಛಾಯಾಗ್ರಾಹಕರಲ್ಲಿ ಅವರೂ ಒಬ್ಬರು.

ತನ್ನದೇ ಒಂದು ಕ್ಯಾಮೆರಾ ಇದ್ದರೆ, ತನಗೆ ಕೆಲಸವಿಲ್ಲದ ದಿನಗಳಲ್ಲಿ ಅದಾದರೂ ದುಡಿಯುತ್ತದೆ. ಇಷ್ಟು ಸರಳವಾದ ಲೆಕ್ಕಾಚಾರದಿಂದ 1954ರಲ್ಲಿ ‘ಸ್ಯಾಮ್ಯುಯೆಲ್ಸನ್ ಫಿಲ್ಮ್ ಸರ್ವಿಸ್’ ಹುಟ್ಟಿತು. ಬರಬರುತ್ತ ಸಹೋದರರಾದ ಡೇವಿಡ್, ಟೋನಿ, ಮೈಕೇಲ್ ಕೈಗೂಡಿಸಿದರು. ಡೇವಿಡ್ ವಾರ್ತಾಚಿತ್ರಗಳಲ್ಲಿ ಪಳಗಿದ ಛಾಯಾಗ್ರಾಹಕರು, ಯಂತ್ರದ ಮರ್ಮ ಬಲ್ಲವರು. ಕ್ಯಾಮೆರಾ ಹೊತ್ತು ಬಯಲಲ್ಲಿ ದುಡಿದವರೇ ಅದನ್ನು ಬಾಡಿಗೆಗೆ ಕೊಡುವವರೂ ಆದುದು ಈ ಉದ್ದಿಮೆಯ ದೊಡ್ಡ ಬಂಡವಾಳ. ಗಿರಾಕಿ ಕೇಳದೆ ಮರೆತ ಸಾಮಾನು ಯಾವುದೆಂದು ಇಂಥವರಿಗೆ ಹೇಳಿಕೊಡಬೇಕಾಗಿಲ್ಲ.

ಈ ವ್ಯವಹಾರದ ತಿರುಳು ಇರುವುದು ಅಂಗಡಿಯ ಒಳಕೋಣೆಯಲ್ಲಿ. ಮೂವತ್ತೈದು ಮಿಲಿಮೀಟರ್ ಫಿಲ್ಮು ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುತ್ತದೆ; ನಿಮಿಷಕ್ಕೆ 90 ಅಡಿ. ಸಾವಿರ ಅಡಿಯ ಸುರುಳಿ ಹನ್ನೊಂದು ನಿಮಿಷಕ್ಕೆ ಮುಗಿಯುತ್ತದೆ. ಪ್ರತಿಯೊಂದು ಚೌಕಟ್ಟೂ ಗವಾಕ್ಷಿಯ ಎದುರಿಗೆ ಬಂದು, ಕ್ಷಣಕಾಲ ಅಲುಗಾಡದೆ ನಿಂತು, ಮುಂದೆ ಸಾಗಬೇಕು. ಹಿಡಿಯುವ ಮೊಳೆ ಸ್ವಲ್ಪ ಸವೆದಿದ್ದರೂ ತೆರೆಯ ಮೇಲೆ ಚಿತ್ರ ನಡುಗುತ್ತದೆ. ಇದನ್ನು ಪರೀಕ್ಷಿಸಲು ಗೆರೆಗಳ ಚಿತ್ರವೊಂದನ್ನು ಒಂದೇ ಫಿಲ್ಮಿನ ಮೇಲೆ ಎರಡು ಸಲ ಮುದ್ರಿಸಿ, ಎರಡೂ ಗೆರೆಗಳು ಒಂದಕ್ಕೊಂದು ಕದಲುತ್ತವೆಯೋ ಎಂದು ನೋಡುತ್ತಾರೆ. ಗೀರು ಬೀಳುತ್ತದೆಯೋ ಎಂದು ತಿಳಿಯಲು ಕೆಲವು ಅಡಿ ಫಿಲ್ಮನ್ನು ಓಡಿಸಿ ದೀಪದ ಬೆಳಕಿಗೆ ಓರೆಯಾಗಿ ಹಿಡಿಯುತ್ತಾರೆ. ಮಸೂರ ಕೂರುವ ಉಂಗುರದಿಂದ ಫಿಲ್ಮಿನವರೆಗಿನ ಅಂತರ ಆರಿ ಕಂಪನಿಯ ಪಿ.ಎಲ್. ಜೋಡಣೆಯಲ್ಲಿ ಸರಿಯಾಗಿ 52 ಮಿಲಿಮೀಟರ್; ಕೂದಲೆಳೆಗಿಂತ ಕಡಿಮೆ ವ್ಯತ್ಯಾಸವಾದರೂ ಅಳೆದು ಇಟ್ಟ ದೂರ ಸುಳ್ಳಾಗುತ್ತದೆ, ನಾಯಕಿಯ ಕಣ್ಣು ಮಬ್ಬಾಗುತ್ತದೆ. ದಿಗಿಲಿನ ಸಂಗತಿಯೆಂದರೆ, ಫಿಲ್ಮಿನ ಕಾಲದಲ್ಲಿ ಈ ದೋಷ ಗೊತ್ತಾಗುತ್ತಿದ್ದುದು ಸಂಸ್ಕರಣಾಲಯದಿಂದ ಸುರುಳಿ ಮರಳಿದ ಮೇಲೆ. ಅಷ್ಟರಲ್ಲಿ ಸೆಟ್ಟು ಬಿಚ್ಚಿರಬಹುದು, ನಟ ಬೇರೆ ಊರಿಗೆ ಹೋಗಿರಬಹುದು. ಬಾಡಿಗೆಯ ಹಣ ಆ ನಷ್ಟದ ಮುಂದೆ ಪುಡಿಗಾಸು. ಹೀಗಾಗಿ ಇಲ್ಲಿ ಗಿರಾಕಿ ಹಣ ಕೊಡುವುದು ಯಂತ್ರಕ್ಕಿಂತ ಹೆಚ್ಚಾಗಿ, ನಾಳೆ ಬೆಳಿಗ್ಗೆ ಅದು ಕೆಲಸ ಮಾಡುತ್ತದೆಂಬ ಭರವಸೆಗೆ. ಸ್ಯಾಮ್ಯುಯೆಲ್ಸನ್ ಎಂಬ ಕುಲನಾಮವನ್ನೇ ಪೆಟ್ಟಿಗೆಗಳ ಮೇಲೆ ಬರೆದುದರ ಅರ್ಥ, ತಪ್ಪಾದರೆ ಅಡಗಿಕೊಳ್ಳಲು ಬೇರೆ ಹೆಸರಿಲ್ಲವೆಂಬುದೇ.

ನಮ್ಮ ದೇಶದಲ್ಲಿ ಸ್ಟುಡಿಯೋಗಳ ಕ್ಯಾಮೆರಾಗಳೇ ಬಹುಕಾಲ ಎಲ್ಲರಿಗೂ ಆಸರೆಯಾಗಿದ್ದವು. ಕನ್ನಡ ಚಿತ್ರಗಳು ಮದರಾಸಿನಲ್ಲಿ ತಯಾರಾಗುತ್ತಿದ್ದ ದಿನಗಳ ರೂಢಿ ಅದು. ಹೊರಾಂಗಣ ಚಿತ್ರೀಕರಣ ಹೆಚ್ಚಿದಂತೆ ‘ಔಟ್‌ಡೋರ್ ಯೂನಿಟ್’ಗಳೆಂಬ ಬಾಡಿಗೆ ಸಂಸ್ಥೆಗಳು ಮದರಾಸು, ಮುಂಬಯಿಗಳಲ್ಲಿ ತಲೆಯೆತ್ತಿದವು. ಇಲ್ಲಿ ಕ್ಯಾಮೆರಾ ಒಂಟಿಯಾಗಿ ಹೋಗುವುದಿಲ್ಲ. ಸಂಸ್ಥೆಯ ಅಟೆಂಡೆಂಟರು ಜೊತೆಗೆ ಹೋಗುತ್ತಾರೆ, ಅವರ ಬಾಟಾ ಬಾಡಿಗೆದಾರನದು. ಇದು ಮೆಚ್ಚತಕ್ಕ ಪದ್ಧತಿಯೇ. ಆದರೆ ಶಬ್ದನಿರೋಧಕ ಕವಚದೊಡನೆ ಸುಮಾರು 50 ಕಿಲೋ ತೂಗುತ್ತಿದ್ದ ಮಿಚೆಲ್ ಕ್ಯಾಮೆರಾವನ್ನು ಬೆಟ್ಟಕ್ಕೆ ಹತ್ತಿಸಿದ ಈ ಕೆಲಸಗಾರರ ಬೆನ್ನುಮೂಳೆಯ ಲೆಕ್ಕ ಯಾವ ಬಿಲ್ಲಿನಲ್ಲೂ ಬರಲಿಲ್ಲ. ಮುಂಬಯಿಯವರಿಗೆ ಮತ್ತೊಂದು ಶತ್ರು ಮಳೆಗಾಲ. ತೇವದ ಗಾಳಿಯಲ್ಲಿ ಮುಚ್ಚಿಟ್ಟ ಮಸೂರಗಳ ಒಳಗೆ ಜೇಡರ ಬಲೆಯಂತೆ ಬೂಷ್ಟು ಹಬ್ಬಿ, ಗಾಜಿನ ಲೇಪವನ್ನೇ ತಿಂದುಹಾಕುತ್ತದೆ. ತೇವ ಹೀರುವ ಸಿಲಿಕಾ ಹರಳುಗಳನ್ನು ಕಾಯಿಸಿ ಒಣಗಿಸಿ ಮತ್ತೆ ಪೆಟ್ಟಿಗೆಯಲ್ಲಿಡುವುದು, ಬಾಡಿಗೆಗೆ ಹೋಗದ ಮಸೂರಗಳಿಗೂ ಬೆಳಕು, ಗಾಳಿ ತೋರಿಸುವುದು ಮಳೆಗಾಲದ ನಿತ್ಯಕರ್ಮ. ಇಂಥ ಸಣ್ಣ ಕೆಲಸವನ್ನು ಮನೆಯವರಷ್ಟು ಶ್ರದ್ಧೆಯಿಂದ ಸಂಬಳದವರು ಮಾಡಲಾರರೆಂಬ ನಂಬಿಕೆ ಸಾಮಾನ್ಯ. ಆ ಮಾತು ಅರ್ಧ ಮಾತ್ರ ನಿಜ. ಸಂಬಳವೂ ಮರ್ಯಾದೆಯೂ ಸರಿಯಾಗಿದ್ದ ಕಡೆ ಅಟೆಂಡೆಂಟರೇ ಕ್ಯಾಮೆರಾವನ್ನು ಮಗುವಿನಂತೆ ಕಾಯ್ದಿದ್ದಾರೆ.

ಲಂಡನ್ನಿನ ಸಹೋದರರು ಕ್ರಿಕಲ್‌ವುಡ್ಡಿನಲ್ಲಿ ನೆಲೆನಿಂತು, ಅಮೆರಿಕದ ಪ್ಯಾನಾವಿಷನ್ ಕಂಪನಿಯ ಬ್ರಿಟಿಷ್ ಪ್ರತಿನಿಧಿಗಳಾದರು. ಆ ಕಂಪನಿ ತನ್ನ ಕ್ಯಾಮೆರಾಗಳನ್ನು ಮಾರುತ್ತಿರಲಿಲ್ಲ, ಬಾಡಿಗೆಗೆ ಮಾತ್ರ ಕೊಡುತ್ತಿತ್ತು. ಆದ್ದರಿಂದ ಅದರ ಪ್ರಾತಿನಿಧ್ಯ ಎಂದರೆ ಬೆಳೆಯುವ ಬಾಗಿಲೇ ತೆರೆದಂತೆ. ಗಳಿಸಿದ್ದನ್ನು ಅವರು ಹೊಸ ಉಪಕರಣಗಳಲ್ಲಿ ತೊಡಗಿಸಿದರು. ಫ್ರಾನ್ಸಿನ ಜೀನ್-ಮಾರಿ ಲವಾಲು, ಅಲೆನ್ ಮಸ್ಸರೋನ್ ಕಲ್ಪಿಸಿದ ‘ಲೂಮಾ’ ಕ್ರೇನನ್ನು ಡೇವಿಡ್ ಅವರೊಡನೆ ಸೇರಿ ಬೆಳೆಸಿದರು. ಉದ್ದನೆಯ ತೋಳಿನ ತುದಿಯಲ್ಲಿ ಕ್ಯಾಮೆರಾ ಮಾತ್ರ. ಛಾಯಾಗ್ರಾಹಕ ನೆಲದ ಮೇಲೆ ಕುಳಿತು ದೂರದಿಂದಲೇ ಅದನ್ನು ತಿರುಗಿಸುತ್ತಾನೆ. ಇದಕ್ಕಾಗಿ ಮೂವರಿಗೂ 2005ರಲ್ಲಿ ಆಸ್ಕರ್ ಅಕಾಡೆಮಿಯ ತಾಂತ್ರಿಕ ಗೌರವ ದೊರೆಯಿತು.

ದೊಡ್ಡದಾದ ಉದ್ದಿಮೆಗೆ ದೊಡ್ಡ ಬಂಡವಾಳ ಬೇಕು. ಬಂಡವಾಳಕ್ಕೆ ಷೇರುದಾರರು ಬೇಕು. 1980ರ ದಶಕ ಮುಗಿಯುವ ಹೊತ್ತಿಗೆ ಸಂಸ್ಥೆ ಬೇರೊಂದು ಕಂಪನಿಯ ವಶವಾಗಿ ಮನೆತನದ ಹಿಡಿತದಿಂದ ಜಾರಿತು. ಪೆಟ್ಟಿಗೆಗಳ ಮೇಲೆ ಹೆಸರು ಕೆಲಕಾಲ ಉಳಿದರೂ ಆ ಹೆಸರಿಗೆ ಉತ್ತರ ಹೇಳುವವರು ಬೇರೆಯವರಾದರು. ಸಿಡ್ನಿ 1991ರಲ್ಲಿ ಬ್ರಿಟನ್ನಿನ ಮೊದಲ ಚಲನಚಿತ್ರ ಕಮಿಷನರಾಗಿ, 1995ರಲ್ಲಿ ‘ಸರ್’ ಬಿರುದು ಪಡೆದು, 2022ರ ಡಿಸೆಂಬರಿನಲ್ಲಿ ತಮ್ಮ 97ನೆಯ ವಯಸ್ಸಿನಲ್ಲಿ ನಿಧನರಾದರು.

ಅಷ್ಟರಲ್ಲಿ ಫಿಲ್ಮ್ ಕ್ಯಾಮೆರಾದ ಗತಿಯೂ ಬದಲಾಗಿತ್ತು. 2010ರಲ್ಲಿ ಆರಿ ಕಂಪನಿಯ ಡಿಜಿಟಲ್ ಕ್ಯಾಮೆರಾ ‘ಅಲೆಕ್ಸಾ’ ಬಂದಿತು; ಮರುವರ್ಷವೇ ಹೊಸ ಫಿಲ್ಮ್ ಕ್ಯಾಮೆರಾಗಳ ತಯಾರಿಕೆ ಬಹುಮಟ್ಟಿಗೆ ನಿಂತ ಸುದ್ದಿ ಹರಡಿತು. ಫಿಲ್ಮಿನ ಮೇಲೆಯೇ ಚಿತ್ರ ತೆಗೆಯುವ ಹಟವುಳ್ಳ ನಿರ್ದೇಶಕರು ಇನ್ನೂ ಇದ್ದಾರೆ. ಅವರಿಗೆ ಸಿಗುವುದು ಹಳೆಯ ಯಂತ್ರಗಳೇ. ಹೊಸ ಬಿಡಿಭಾಗ ದೊರೆಯುವುದು ದುರ್ಲಭವಾದ್ದರಿಂದ ಒಂದು ಕ್ಯಾಮೆರಾ ಉಳಿಯಲು ಮತ್ತೊಂದನ್ನು ಬಿಚ್ಚಬೇಕಾಗುತ್ತದೆ. ಇಂದು ಈ ವ್ಯವಹಾರಕ್ಕೆ ಇಳಿಯುವ ಮನೆಯವರು ಯಂತ್ರಕ್ಕೆ ಮುಂಗಡ ಕೊಡುವ ಮೊದಲೇ ರಿಪೇರಿ ಬಲ್ಲ ಹಿರಿಯ ಮೆಕ್ಯಾನಿಕ್ಕೊಬ್ಬರನ್ನು ಹುಡುಕಿ, ಮನೆಯ ಹುಡುಗನನ್ನೋ ಹುಡುಗಿಯನ್ನೋ ಅವರ ಬಳಿ ಕೂರಿಸುವುದು ಒಳ್ಳೆಯದು.