ಸರಳ ವಿನ್ಯಾಸದ ಕೌದಿ: ಕೈಗೂ ಮನಸ್ಸಿಗೂ ಹಿತ

ಹುಬ್ಬಳ್ಳಿ, ಗದಗ, ವಿಜಯಪುರಗಳ ಕಡೆಯಿಂದ ಮುಂಬಯಿ, ಪುಣೆಗಳಿಗೆ ಬಂದು ನೆಲೆಸಿದ ಕನ್ನಡಿಗರ ಅನೇಕ ಮನೆಗಳಲ್ಲಿ, ಮಂಚದ ಕೆಳಗಿನ ಟ್ರಂಕಿನಲ್ಲಿಯೋ ಕಪಾಟಿನ ಮೇಲಣ ಗಂಟಿನಲ್ಲಿಯೋ ಒಂದು ಕೌದಿ ಇರುತ್ತದೆ. ಅಜ್ಜಿಯ ಇಳಕಲ್ ಸೀರೆಯ ಸೆರಗು, ಅಜ್ಜನ ಧೋತರ, ಯಾರದೋ ಮದುವೆಯಲ್ಲಿ ಬಂದ ಖಣದ ತುಂಡು ಎಲ್ಲವೂ ಅದರಲ್ಲಿ ಒಂದಾಗಿರುತ್ತವೆ. ಅಂಥದೇ ಇನ್ನೊಂದನ್ನು ಹೊಲಿಯಬೇಕೆಂಬ ಆಸೆಯೂ ಗೃಹಿಣಿಯರಲ್ಲಿ ಇಲ್ಲದಿಲ್ಲ. ಆದರೆ ಆರಂಭಿಸಿದವುಗಳಲ್ಲಿ ಪೂರ್ಣಗೊಂಡವು ಎಷ್ಟೆಂದು ಲೆಕ್ಕ ಕೇಳಿದರೆ ಹೆಚ್ಚಿನವರು ಮುಗುಳ್ನಕ್ಕು ಸುಮ್ಮನಾಗುತ್ತಾರೆ. ನವಿಲು, ಕಮಲ, ಎಂಟು ಮೂಲೆಯ ನಕ್ಷತ್ರ ಎಂದು ದೊಡ್ಡ ಸಂಕಲ್ಪದಿಂದ ಕತ್ತರಿಸಿದ ತುಂಡುಗಳು ಚೀಲದಲ್ಲಿ ಕುಳಿತು ವರ್ಷಗಳೇ ಕಳೆದಿರುತ್ತವೆ.

ಹೊಸದಾಗಿ ಸೂಜಿ ಹಿಡಿದವರು ಮಾತ್ರವಲ್ಲ, ಕೈ ಪಳಗಿದವರೂ ಸರಳವಾದ, ಬೇಗ ಮುಗಿಯುವ ವಿನ್ಯಾಸಗಳನ್ನು ಮತ್ತೆ ಮತ್ತೆ ಆರಿಸಿಕೊಳ್ಳುವುದಕ್ಕೆ ಕಾರಣ ಇಲ್ಲಿಯೇ ಇದೆ. ಇದನ್ನು ಸೋಮಾರಿತನವೆಂದು ಭಾವಿಸುವುದು ತಪ್ಪು. ಕೆಲಸದ ಕಾಠಿಣ್ಯವೂ ಮಾಡುವವರ ಕೌಶಲವೂ ಒಂದಕ್ಕೊಂದು ಹೊಂದಿಕೊಂಡಾಗ ಮನಸ್ಸು ಆ ಕೆಲಸದಲ್ಲಿ ಸಂಪೂರ್ಣವಾಗಿ ತಲ್ಲೀನವಾಗಿ ಹೊತ್ತಿನ ಪರಿವೆಯನ್ನೇ ಮರೆಯುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ ಅವರು ವಿವರವಾಗಿ ನಿರೂಪಿಸಿದ್ದಾರೆ. ಕೆಲಸ ಕೌಶಲವನ್ನು ಮೀರಿದರೆ ಆತಂಕ. ತೀರ ಕೆಳಗಿಳಿದರೆ ಬೇಸರ. ಚೌಕಕ್ಕೆ ಚೌಕ ಜೋಡಿಸುವ ಕೆಲಸ ಇವೆರಡರ ನಡುವೆ ಸಲ್ಲುತ್ತದೆ. ಮುಂದಿನ ಹೆಜ್ಜೆ ಯಾವುದೆಂದು ಕೈಗೆ ಗೊತ್ತಿರುತ್ತದೆ. ತಪ್ಪಾದರೆ ನಾಲ್ಕು ಹೊಲಿಗೆ ಬಿಚ್ಚಿದರೆ ಸಾಕು. ಸಂಜೆಯ ವೇಳೆಗೆ ಬೆಳಿಗ್ಗೆ ಇಲ್ಲದ ಒಂದು ವಸ್ತು ಕಣ್ಣೆದುರಿಗೆ ಇರುತ್ತದೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಇಂಥ ಒಂದು ಹೊಲಿಗೆ ಬಳಗದ ಸದಸ್ಯರನ್ನು ಸಂದರ್ಶಿಸಿ 2012ರಲ್ಲಿ ಪ್ರಕಟಿಸಲಾದ ಅಧ್ಯಯನವೊಂದರಲ್ಲಿಯೂ ತಲ್ಲೀನತೆ, ಬಣ್ಣಗಳಿಂದ ಉಂಟಾಗುವ ಉಲ್ಲಾಸ, ಪರಸ್ಪರ ಮೆಚ್ಚುಗೆ, ಹೊಸ ಸ್ನೇಹ ಇವೇ ಮುಖ್ಯ ಲಾಭಗಳೆಂದು ಕಂಡುಬಂದಿತು.

ನಿಜಕ್ಕೂ ನಮ್ಮ ಕೌದಿ ಮೂಲತಃ ಸರಳ ವಿನ್ಯಾಸದ್ದೇ. ಹಳೆಯ ಅರಿವೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ತುಂಡುಗಳನ್ನಿಟ್ಟು, ಸೂಜಿ ಮುಳುಗಿ ಏಳುವ ಒಂದೇ ಬಗೆಯ ಹೊಲಿಗೆಯಿಂದ ಅಂಚಿನಿಂದ ಅಂಚಿಗೆ ಸಾಗುವುದು; ಇಷ್ಟೇ ಅದರ ಶಾಸ್ತ್ರ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಸಿದ್ದಿ ಮಹಿಳೆಯರು ಹೊಲಿಯುವ ಕೌದಿಗಳು ಇಂದು ವಿದೇಶದ ಕಲಾಸಕ್ತರ ಗಮನವನ್ನೂ ಸೆಳೆದಿವೆ. ಅವರು ನಕ್ಷೆ ಬರೆದುಕೊಳ್ಳುವುದಿಲ್ಲ. ಒಂದು ಮೂಲೆಯಿಂದ ಆರಂಭಿಸಿ, ಅಂಚಿನ ಸುತ್ತ ತುಂಡುಗಳನ್ನು ಕೂಡಿಸುತ್ತ, ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಯಾವ ತುಂಡು ಕೈಗೆ ಸಿಕ್ಕಿತೋ ಅದೇ ವಿನ್ಯಾಸ. ನೋಡುವವರಿಗೆ ಬೆರಗು, ಹೊಲಿಯುವವರಿಗೆ ನಿರಾಯಾಸ!

ಅಮೆರಿಕದಲ್ಲಿಯೂ ಕಥೆ ಬಹಳ ಬೇರೆಯೇನಲ್ಲ. ಮೂರು ಸಾಲುಗಳಲ್ಲಿ ಮೂರು ಮೂರು ಚೌಕಗಳನ್ನು ಜೋಡಿಸುವ ‘ನೈನ್ ಪ್ಯಾಚ್’ ವಿನ್ಯಾಸದಿಂದಲೇ ಅಲ್ಲಿನ ಎಷ್ಟೋ ಹೆಣ್ಣುಮಕ್ಕಳು 19ನೆಯ ಶತಮಾನದಲ್ಲಿ ಹೊಲಿಗೆ ಕಲಿತರು. ನಡುವೆ ಒಲೆಯ ಬೆಂಕಿಯನ್ನು ಸೂಚಿಸುವ ಕೆಂಪು ಚೌಕ, ಅದರ ಸುತ್ತ ಮರದ ದಿಮ್ಮಿಗಳಂತೆ ಪಟ್ಟಿಗಳನ್ನು ಕೂಡಿಸುವ ‘ಲಾಗ್ ಕ್ಯಾಬಿನ್’ ವಿನ್ಯಾಸವೂ ಜನಪ್ರಿಯವಾಯಿತು. ಇದೇ ಲಾಗ್ ಕ್ಯಾಬಿನ್ ಕೌದಿಯನ್ನು ಒಂದೇ ದಿನದಲ್ಲಿ ಹೊಲಿಯುವ ಕ್ರಮವನ್ನು ಕುರಿತು ಎಲಿನಾರ್ ಬರ್ನ್ಸ್ ಎಂಬ ಮಹಿಳೆ 1978ರಲ್ಲಿ ಸ್ವತಃ ಪುಸ್ತಕವೊಂದನ್ನು ಪ್ರಕಟಿಸಿದರು. ಮರುವರ್ಷವೇ ಜಪಾನಿನ ಓಲ್ಫಾ ಸಂಸ್ಥೆ ಬಟ್ಟೆ ಕತ್ತರಿಸುವ ಚಕ್ರಾಕಾರದ ಅಲಗನ್ನು ಮಾರುಕಟ್ಟೆಗೆ ತಂದಿತು. ಕತ್ತರಿಯಲ್ಲಿ ತುಂಡು ತುಂಡಾಗಿ ಕತ್ತರಿಸುವ ಶ್ರಮ ಇದರಿಂದ ಬಹುಮಟ್ಟಿಗೆ ತಪ್ಪಿತು.

ಈ ವೇಗದ ಗುಟ್ಟು ಸಣ್ಣದೊಂದು ಲೆಕ್ಕದಲ್ಲಿದೆ. 30 ಅಂಗುಲ ಅಗಲ, 45 ಅಂಗುಲ ಉದ್ದದ ಪುಟ್ಟ ಕೌದಿಯೊಂದನ್ನು ತೆಗೆದುಕೊಳ್ಳೋಣ. ಅದಕ್ಕೆ ಒಂಬತ್ತು ಚೌಕಗಳ 6 ಮನೆಗಳು, ಅಂದರೆ ಒಟ್ಟು 54 ಚೌಕಗಳು ಬೇಕು. ಇವನ್ನು ಬಿಡಿಬಿಡಿಯಾಗಿ ಕತ್ತರಿಸಿ ಕೂಡಿಸಹೊರಟರೆ ಸಾಲುಗಳನ್ನು ಮಾಡುವುದಕ್ಕೇ 36 ಸಣ್ಣ ಜೋಡಣೆಗಳಾಗುತ್ತವೆ. ಬದಲಿಗೆ ಐದೂವರೆ ಅಂಗುಲ ಅಗಲ, ಒಂದು ಗಜ ಉದ್ದದ ಪಟ್ಟಿಗಳನ್ನು ಗಾಢ ಬಣ್ಣದಲ್ಲಿ 5, ತಿಳಿ ಬಣ್ಣದಲ್ಲಿ 4 ಕತ್ತರಿಸಿಕೊಳ್ಳಬೇಕು. ಗಾಢ-ತಿಳಿ-ಗಾಢ ಎಂದು ಮೂರು ಪಟ್ಟಿಗಳ ಎರಡು ಜೋಡಣೆ. ತಿಳಿ-ಗಾಢ-ತಿಳಿ ಎಂದು ಒಂದು. ಹೊಲಿಗೆಗೆ ಪ್ರತಿ ಅಂಚಿನಿಂದ ಕಾಲು ಅಂಗುಲ ಬಿಡಬೇಕು. ಆಮೇಲೆ ಪ್ರತಿಯೊಂದು ಜೋಡಣೆಯನ್ನೂ ಐದೂವರೆ ಅಂಗುಲಕ್ಕೊಂದರಂತೆ ಅಡ್ಡಲಾಗಿ ಕತ್ತರಿಸಿದರೆ ಆರಾರು ಸಾಲುಗಳು ಸಿದ್ಧ. ಮೊದಲ ಬಗೆಯ ಎರಡು ಸಾಲುಗಳ ನಡುವೆ ಎರಡನೆಯ ಬಗೆಯ ಒಂದನ್ನು ಇಟ್ಟು ಹೊಲಿದರೆ ಒಂದು ಮನೆಯಾಯಿತು. 36 ಜೋಡಣೆಗಳ ಕೆಲಸ ಆರೇ ಉದ್ದ ಹೊಲಿಗೆಗಳಲ್ಲಿ ಮುಗಿದಂತಾಯಿತಲ್ಲವೇ? ಗಜಕ್ಕೆ ಮೂರು ಅಂಗುಲ ಬಟ್ಟೆ ಉಳಿತಾಯವೂ ಆಯಿತು! ಮನೆಗಳನ್ನು ಪರಸ್ಪರ ಜೋಡಿಸಿ, ಅಡಿಯಲ್ಲಿ ಮೆತ್ತನೆಯ ಹಳೆಯ ಧೋತರದ ಎರಡು ಪದರ ಹಾಸಿ, ಕೈಹೊಲಿಗೆ ಹಾಕಿ ಅಂಚು ಕಟ್ಟಿದರೆ ಕೆಲಸ ಪೂರ್ಣ.

ಈ ಸುಲಭದ ಬೆಲೆ ಅತ್ಯಂತ ಹೆಚ್ಚಾಗಿ ತಿಳಿಯುವುದು ವಯಸ್ಸಾದವರ ವಿಷಯದಲ್ಲಿ. ಪತಿಯ ಕಾಲಾನಂತರ ಊರಿನ ಮನೆಗೆ ಬೀಗ ಹಾಕಿ ಮಗನ ಫ್ಲ್ಯಾಟಿಗೆ ಬಂದ ತಾಯಿಯ ದಿನಚರಿಯನ್ನು ಒಮ್ಮೆ ನೆನೆಯಬೇಕು. ನೆರೆಯವರ ಭಾಷೆ ಬಾರದು. ಮಗ ಸೊಸೆಯರು ಎಂಟು ಗಂಟೆಯ ಲೋಕಲ್ ಹಿಡಿಯುತ್ತಾರೆ, ಮೊಮ್ಮಕ್ಕಳು ಶಾಲೆಗೆ ಹೋಗುತ್ತಾರೆ. ಐವತ್ತು ವರ್ಷ ಬಿಡುವಿಲ್ಲದೆ ದುಡಿದ ಕೈಗಳಿಗೆ ಏಕಾಏಕಿ ಕೆಲಸವಿಲ್ಲ. “ಇನ್ನ ನನ್ನ ಕೈಲಿ ಏನೂ ಆಗಂಗಿಲ್ಲ ಬಿಡವಾ” ಎಂಬ ಮಾತು ಅವರ ಬಾಯಲ್ಲಿ ಬರಲಾರಂಭಿಸಿದಾಗ ಮನೆಯವರು ಎಚ್ಚರಗೊಳ್ಳಬೇಕು. ಇಂಥವರ ಮುಂದೆ ಇಬ್ಬರ ಮಂಚಕ್ಕಾಗುವ ದೊಡ್ಡ ಕೌದಿಯ ಬಟ್ಟೆಯನ್ನು ತಂದಿಟ್ಟರೆ, ಅದು ಅರ್ಧಕ್ಕೆ ನಿಂತಾಗ ಅವರ ಮಾತಿಗೆ ಸಾಕ್ಷಿ ಒದಗಿಸಿದಂತಾಗುತ್ತದೆ. 54 ಚೌಕಗಳ ಕೌದಿಯಾದರೆ ದಿನಕ್ಕೆ ಒಂದು ಗಂಟೆಯಂತೆ ಕುಳಿತರೂ ಮುಗಿದೀತೆಂಬ ಭರವಸೆ ಇರುತ್ತದೆ. ಸೊಸೆ ಭಾನುವಾರ ಯಂತ್ರದಲ್ಲಿ ಉದ್ದ ಹೊಲಿಗೆಗಳನ್ನು ಹಾಕಿಕೊಟ್ಟರೆ, ಅತ್ತೆ ವಾರವಿಡೀ ಕೈಹೊಲಿಗೆ ನಡೆಸಬಹುದು. ‘ಹೀಗಲ್ಲ, ಹಾಗೆ’ ಎಂದು ಅವರು ಸೊಸೆಗೆ ಕಲಿಸಲಾರಂಭಿಸಿದರಂತೂ ಒಳ್ಳೆಯ ಲಕ್ಷಣವೆಂದೇ ತಿಳಿಯಬೇಕು. ಆದರೆ ನಿದ್ರೆ, ಊಟ ಕಡಿಮೆಯಾಗಿ ಮಂಕು ವಾರಗಟ್ಟಲೆ ಮುಂದುವರಿದರೆ ವೈದ್ಯರ ಬಳಿಗೆ ಕರೆದೊಯ್ಯುವುದೇ ಸರಿ. ಕೌದಿ ಔಷಧಕ್ಕೆ ಬದಲಿಯಲ್ಲ.

ದೇಹದ ಬಗೆಗೂ ಕೆಲವು ಎಚ್ಚರಿಕೆಗಳು ಅಗತ್ಯ. ನಲವತ್ತರ ನಂತರ ಹತ್ತಿರದ ದೃಷ್ಟಿ ಮಸುಕಾಗುವುದು ಸಹಜವಾದ್ದರಿಂದ ಕಣ್ಣು ತೋರಿಸಿ ತಕ್ಕ ಕನ್ನಡಕ ಧರಿಸಿಯೇ ಕೂಡಬೇಕು. ಬಲಗೈಯವರಿಗೆ ಬೆಳಕು ಎಡಗಡೆಯಿಂದ ಬೀಳುವುದು ಅನುಕೂಲ. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಿ ಕುತ್ತಿಗೆ, ಬೆರಳುಗಳನ್ನು ಸಡಿಲಿಸಬೇಕು. ಮಧುಮೇಹದಿಂದ ಬೆರಳಿನ ಸ್ಪರ್ಶ ಕುಂದಿದವರಿಗೆ ಸೂಜಿ ಚುಚ್ಚಿದ್ದೇ ತಿಳಿಯದಿರಬಹುದು; ಅವರು ಬೆರಳಿಗೆ ತೊಡುವ ಲೋಹದ ಟೊಪ್ಪಿಗೆಯನ್ನು ಬಿಡಲೇಬಾರದು. ಹಳೆಯ ಬಟ್ಟೆಗಳ ಧೂಳಿನಿಂದ ಉಬ್ಬಸ ಕೆರಳುವುದುಂಟು. ಆದ್ದರಿಂದ ಮೊದಲೇ ಬಿಸಿನೀರಿನಲ್ಲಿ ಒಗೆದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸತಕ್ಕದ್ದು.

ಇನ್ನೊಂದು ಮಾತು. ಪುಟ್ಟ ಕೌದಿ ಎಂದೊಡನೆ ಮೊಮ್ಮಗುವಿನ ನೆನಪಾಗುವುದು ಸಹಜ. ಆದರೆ ಒಂದು ವರ್ಷ ತುಂಬದ ಶಿಶು ನಿದ್ರಿಸುವಲ್ಲಿ ಸಡಿಲವಾದ ಹೊದಿಕೆಗಳು ಇರಬಾರದೆಂಬುದು ಮಕ್ಕಳ ವೈದ್ಯರ ಇಂದಿನ ಸಲಹೆ. ಮುಖದ ಮೇಲೆ ಬಿದ್ದು ಉಸಿರು ಕಟ್ಟುವ ಅಪಾಯವುಂಟು. ಮಗು ಎಚ್ಚರವಿದ್ದಾಗ, ದೊಡ್ಡವರ ಕಣ್ಣೆದುರಿನಲ್ಲಿ, ನೆಲದ ಮೇಲೆ ಹಾಸಿ ಆಡಬಿಡುವುದಕ್ಕೆ ಅಡ್ಡಿಯಿಲ್ಲ.

ಹೊಲಿಗೆ ಮುಗಿದ ಮೇಲೆಯೂ ಸಿದ್ದಿ ಮಹಿಳೆಯರಿಗೆ ಒಂದು ಕೆಲಸ ಉಳಿದಿರುತ್ತದೆ. ಬಣ್ಣದ ಬಟ್ಟೆಯನ್ನು ತ್ರಿಕೋನಾಕಾರವಾಗಿ ಮಡಚಿ, ಪದರಗಳನ್ನು ಕೂಡಿಸಿ, ನಾಲ್ಕು ಮೂಲೆಗಳಿಗೂ ಒಂದೊಂದು ‘ಫುಲಾ’, ಅಂದರೆ ಹೂವನ್ನು ಹೊಲಿಯುತ್ತಾರೆ. ಹೂವಿಲ್ಲದ ಕೌದಿ ಅವರ ದೃಷ್ಟಿಯಲ್ಲಿ ಬೆತ್ತಲೆ. ನಾಲ್ಕು ತ್ರಿಕೋನಗಳಿಗೆ ಬೇಕಾಗುವ ಬಟ್ಟೆ ಅಂಗೈಯಗಲದ ನಾಲ್ಕು ಚಿಂದಿಗಳಷ್ಟೆ. ಪಟ್ಟಿಗಳಲ್ಲಿ ಉಳಿದ ಆ ಮೂರು ಅಂಗುಲದ ತುಂಡುಗಳೇ ಇದಕ್ಕೆ ಒದಗಬಹುದು.