ವಿಮಾನದ ಮೊದಲ ರೂಪ ಕಂಪ್ಯೂಟರಿನಲ್ಲಿ ಮೂಡುವುದು ಹೇಗೆ?

ವಿಮಾನ ವಿನ್ಯಾಸದ ಆರಂಭದಲ್ಲಿ ಆಕಾರ ಪದೇ ಪದೇ ಬದಲಾಗುತ್ತದೆ. ಪ್ರತಿ ಸಲವೂ ಪೂರ್ಣ ಕ್ಯಾಡ್ (ಕಂಪ್ಯೂಟರ್ ನೆರವಿನ ವಿನ್ಯಾಸ) ನಕ್ಷೆ ಬರೆಯುತ್ತ ಕೂತರೆ ಕೆಲಸ ಸಾಗದು. ಅದಕ್ಕೆಂದೇ ನಾಸಾದಲ್ಲಿ ವೆಹಿಕಲ್ ಸ್ಕೆಚ್ ಪ್ಯಾಡ್ ಎಂಬ ತಂತ್ರಾಂಶ ರೂಪುಗೊಂಡಿತು. 2012ರಲ್ಲಿ ಅದು ಓಪನ್‌ವಿಎಸ್‌ಪಿ ಎಂಬ ಹೆಸರಿನ ಮುಕ್ತ ತಂತ್ರಾಂಶವಾಯಿತು. ಇದರಲ್ಲಿ ಗೆರೆ ಎಳೆಯುವ ಬದಲು ರೆಕ್ಕೆಯ ಉದ್ದ, ಅದು ಹಿಂದಕ್ಕೆ ಬಾಗಿದ ಕೋನ, ಅಡ್ಡಕೊಯ್ತದ ದಪ್ಪ ಮುಂತಾದವನ್ನು ಅಂಕಿಗಳಲ್ಲಿ ಕೊಡಬೇಕು. ಕೋನವನ್ನು 25 ಡಿಗ್ರಿಯಿಂದ 30ಕ್ಕೆ ಏರಿಸಿದರೆ ಸಾಕು, ಇಡೀ ರೆಕ್ಕೆ ತಾನಾಗಿ ಹೊಸ ರೂಪ ತಳೆಯುತ್ತದೆ. ಹೊರಮೈ ವಿಸ್ತೀರ್ಣ, ಘನಗಾತ್ರಗಳ ಲೆಕ್ಕವೂ ಅಲ್ಲೇ ಸಿಗುತ್ತದೆ. ಜೊತೆಗಿರುವ ವಿಎಸ್‌ಪಿ ಏರೋ ಎಂಬ ಭಾಗ ಮೇಲೆತ್ತುವ ಬಲವನ್ನು ಅಂದಾಜಿಸುತ್ತದೆ. ಗಾಳಿ ರೆಕ್ಕೆಯಿಂದ ಕಳಚಿಕೊಳ್ಳುವ ಸ್ಟಾಲ್ ಸ್ಥಿತಿಯಲ್ಲಿ ಮಾತ್ರ ಆ ಅಂದಾಜನ್ನು ಪೂರ್ತಿ ನಂಬುವಂತಿಲ್ಲ. ರಿವೆಟ್ಟು, ಬೋಲ್ಟುಗಳ ಗೊಡವೆ ಇಲ್ಲಿಲ್ಲ. ಅದು ಮುಂದೆ ಕ್ಯಾಡ್‌ನ ಪಾಲು.