ಯಾವ ನಾಯಕರು?

ಭದ್ರಾ ನದಿಯ ನೀರೆತ್ತಿ ಚನ್ನಗಿರಿ, ತರೀಕೆರೆ ಸೀಮೆಯ ಕೆರೆ ತುಂಬಿಸುವ ಯೋಜನೆಗೆ ಉಬ್ರಾಣಿ–ಅಮೃತಾಪುರ ಏತ ನೀರಾವರಿ ಎಂದು ಹೆಸರು. ಉಬ್ರಾಣಿ ಹೋಬಳಿಯ ತೋಟದವರ ಬಾಯಲ್ಲಿ ಬೇಸಿಗೆಯುದ್ದಕ್ಕೂ ಓಡಾಡುವ ಈ ಜೋಡಿ ಹೆಸರಿನ ಎರಡನೆಯ ತುಂಡಿನಲ್ಲಿ ಒಬ್ಬ ನಾಯಕ ಅಡಗಿದ್ದಾನೆ. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕನೊಬ್ಬ 1196ರಲ್ಲಿ ಅಮೃತೇಶ್ವರ ದೇವಾಲಯ ಕಟ್ಟಿಸಿದ. ಊರು ಅವನ ಹೆಸರಿನಿಂದಲೇ ಅಮೃತಾಪುರವಾಯಿತು. ಅವನಿಗೆ ನಾಯಕ ಎಂಬುದು ಹುದ್ದೆ. ದಂಡು ನಡೆಸುವವನು ದಂಡನಾಯಕ, ಆಡುಮಾತಿನಲ್ಲಿ ದಣ್ಣಾಯಕ.

ಇವತ್ತು ಈ ಕಡೆ ಯಾರಾದರೂ 'ನಾವು ನಾಯಕರು' ಅಂದರೆ ಕೇಳಿದವರು ಅಷ್ಟಕ್ಕೇ ಬಿಡುವುದಿಲ್ಲ. 'ಯಾವ ನಾಯಕರು?' ಎಂಬ ಮರುಪ್ರಶ್ನೆ ಬಂದೇ ಬರುತ್ತದೆ. ಆ ಮರುಪ್ರಶ್ನೆಯಲ್ಲಿ ತಳಿವಿಜ್ಞಾನದ ಒಂದು ಒಳ್ಳೆಯ ಪಾಠವಿದೆ.

ಒಂದೇ ಹೆಸರಿಗೆ ಹಲವು ಮೂಲ ಇರುವುದು ನಮ್ಮಲ್ಲಿ ಮಾತ್ರವಲ್ಲ. ಚೀನಾದಲ್ಲಿ ವಾಂಗ್ ಎಂಬ ಮನೆತನದ ಹೆಸರನ್ನು ಹತ್ತು ಕೋಟಿಗೂ ಹೆಚ್ಚು ಜನ ಹೊತ್ತಿದ್ದಾರೆ. ವಾಂಗ್ ಅಂದರೆ ಅರಸ. ಹಾಗಂತ ಅವರೆಲ್ಲ ಒಬ್ಬ ಅರಸನ ಮಕ್ಕಳಲ್ಲ. ಬೇರೆ ಬೇರೆ ಕಾಲದಲ್ಲಿ ರಾಜ್ಯ ಕಳೆದುಕೊಂಡ ಬೇರೆ ಬೇರೆ ಅರಸು ಮನೆತನಗಳವರು 'ಅರಸನ ಕಡೆಯವರು' ಎಂದು ಅದನ್ನೇ ಇಟ್ಟುಕೊಂಡರು. ಅಷ್ಟೇ ಸಾಮಾನ್ಯವಾದ ಲೀ ಎಂಬ ಹೆಸರನ್ನು ತಾಂಗ್ ಚಕ್ರವರ್ತಿಗಳು ಮೆಚ್ಚಿದವರಿಗೆ ಬಹುಮಾನವಾಗಿ ಕೊಡುತ್ತಿದ್ದರು. ಅದು ಅವರದೇ ಮನೆತನದ ಹೆಸರು. ಮೂಲ ಹತ್ತಾರು, ಹೆಸರು ಒಂದು. ಆದರೂ ಹಳೆಯ ಚೀನೀ ಕಾನೂನು ಒಂದೇ ಹೆಸರಿನ ಗಂಡು ಹೆಣ್ಣು ಮದುವೆಯಾಗಬಾರದು ಎನ್ನುತ್ತಿತ್ತು. ಹೆಸರನ್ನೇ ರಕ್ತವೆಂದು ನಂಬಿದ ಕಾನೂನು ಅದು.

ನಾಯಕ ಬೆಳೆದದ್ದೂ ಹೆಚ್ಚುಕಡಿಮೆ ಹೀಗೆಯೇ. ಸಂಸ್ಕೃತದಲ್ಲಿ 'ನೀ' ಅಂದರೆ ನಡೆಸು, ಕರೆದೊಯ್ಯು, ನಡೆಸುವವನು ನಾಯಕ. ವಿಜಯನಗರದ ಕಾಲದಲ್ಲಿ ದಂಡು ಸಾಕುವ ಕರಾರಿನ ಮೇಲೆ ಸೀಮೆ ಪಡೆದವನು ಅಮರನಾಯಕ. ಸಾಮ್ರಾಜ್ಯ ಕುಸಿದಾಗ ಕರಾರು ಹೋಯಿತು, ಸೀಮೆ ಉಳಿಯಿತು. ಸೀಮೆಯ ಜೊತೆಗೆ ಹೆಸರೂ ಉಳಿದು ಅಪ್ಪನಿಂದ ಮಗನಿಗೆ ಇಳಿಯತೊಡಗಿತು. ಸಂತೇಬೆನ್ನೂರಿನ ಪುಷ್ಕರಿಣಿ ಕಟ್ಟಿಸಿದ ಕೆಂಗ ಹನುಮಪ್ಪ ನಾಯಕ, ಚಿತ್ರದುರ್ಗದ ಮದಕರಿ ನಾಯಕರು, ಕೆಳದಿಯ ನಾಯಕರು, ಹರಪನಹಳ್ಳಿಯ ನಾಯಕರು – ಎಲ್ಲರ ಬಾಲದಲ್ಲೂ ಒಂದೇ ಪದ. ಇವರನ್ನೆಲ್ಲ ಒಂದೇ ಬಳ್ಳಿಯ ಕಾಯಿ ಅನ್ನುವ ಹಾಗಿಲ್ಲ. ಕೆಳದಿಯವರು ಲಿಂಗಾಯತರು, ಚಿತ್ರದುರ್ಗದವರು ಬೇಡ ಪಡೆಯಿಂದ ಬಂದವರು, ಅವರ ವಂಶದ ಹೆಸರು ಕಾಮಗೇತಿ. ವಂಶಕ್ಕೆ ಕಾಮಗೇತಿ, ಪದವಿಗೆ ನಾಯಕ ಎಂಬ ಈ ಎರಡು ಪದರವನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ. 1748ರಲ್ಲಿ ಮಾಯಕೊಂಡದ ಬಯಲಲ್ಲಿ ದುರ್ಗದ ಮದಕರಿ ನಾಯಕ ಬಿದ್ದಾಗ ಎದುರು ನಿಂತ ಕೂಟದಲ್ಲಿ ಹರಪನಹಳ್ಳಿಯ ನಾಯಕರೂ ಇದ್ದರು, ಬಿದನೂರಿನಿಂದ ಆಳುತ್ತಿದ್ದ ಕೆಳದಿಯ ನಾಯಕರೂ ಇದ್ದರು. ಹೆಸರಷ್ಟೇ ನೋಡುವವನಿಗೆ ಅದು ದಾಯಾದಿ ಜಗಳದಂತೆ ಕಂಡೀತು.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಹೋದರೆ ಇನ್ನೊಂದು ಕವಲು. ಸಂತ ಸೇವಾಲಾಲರು 1739ರಲ್ಲಿ ಹುಟ್ಟಿದ್ದು ಅಲ್ಲಿ ಎಂದು ಲಂಬಾಣಿಗರ ನಂಬಿಕೆ. ಪ್ರತಿ ಫೆಬ್ರುವರಿಯಲ್ಲಿ ಅಲ್ಲಿ ಜಾತ್ರೆಯಂತೆ ಜನ ಸೇರುತ್ತಾರೆ. ತಾಂಡಾದಲ್ಲಿ ನಾಯಕ ಅಂದರೆ ಹಿರಿಯ, ನ್ಯಾಯ ಹೇಳುವವನು. ಅವನ ಜೊತೆಗೆ ಡಾವೋ, ಕಾರಭಾರಿ ಎಂಬ ಸಹಾಯಕರು. ಈಗ ತಾಂಡಾದ ಎಷ್ಟೋ ಗಂಡಸರ ಹೆಸರಿನ ಕೊನೆಗೆ ನಾಯ್ಕ ಅಂಟಿಕೊಂಡಿದೆ. ಮದುವೆಯ ಮಾತು ಬಂದಾಗ ಮಾತ್ರ ಆ ನಾಯ್ಕನಿಗೆ ಬೆಲೆಯಿಲ್ಲ. ರಾಠೋಡ್, ಪವಾರ್, ಚವ್ಹಾಣ್, ಜಾಧವ್ ಇವುಗಳಲ್ಲಿ ಯಾವುದು ಎಂಬುದೇ ಮುಖ್ಯ.

ಘಟ್ಟ ಇಳಿದರೆ ಅಂಕೋಲೆಯ ನಾಡವರು ನಾಯಕರು, ನಾಮಧಾರಿಗಳು ನಾಯ್ಕರು, ಗೌಡ ಸಾರಸ್ವತರಲ್ಲೂ ನಾಯಕರಿದ್ದಾರೆ. ಕಡಲು ದಾಟಿದರೆ ಸಿಂಹಳದ ಸೇನಾನಾಯಕೆ, ಬಂಡಾರನಾಯಕೆ, ದಿಸಾನಾಯಕೆ; ಅಲ್ಲಿನ ಬೌದ್ಧ ಮಠಗಳ ಹಿರಿಯರು ಮಹಾನಾಯಕರು. ಭಾರತೀಯ ಸೇನೆಯಲ್ಲಂತೂ ಪದ ಮತ್ತೆ ಹುದ್ದೆಯಾಗಿಯೇ ಉಳಿದಿದೆ. 2016ರಲ್ಲಿ ಸಿಯಾಚಿನ್ ಹಿಮದಡಿಯಿಂದ ಜೀವಂತ ಹೊರಬಂದು ಕೆಲವೇ ದಿನಗಳಲ್ಲಿ ತೀರಿಕೊಂಡ ಧಾರವಾಡ ಜಿಲ್ಲೆಯ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ಮನೆತನದ ಹೆಸರು ಕೊಪ್ಪದ. ನಾಯಕ್ ಎಂಬುದು ತೋಳಿನ ಮೇಲಿನ ಪಟ್ಟಿ.

ಈಗ ವಿಜ್ಞಾನಕ್ಕೆ ಬರೋಣ. ಗಂಡಸಿನ ವೈ ವರ್ಣತಂತು ಅಪ್ಪನಿಂದ ಮಗನಿಗೆ ಹೆಚ್ಚು ಬದಲಾಗದೆ ಇಳಿಯುತ್ತದೆ. ಮನೆತನದ ಹೆಸರೂ ಅದೇ ದಾರಿ ಹಿಡಿಯುವುದಾದರೆ ಹೆಸರು ನೋಡಿ ರಕ್ತಸಂಬಂಧ ಹೇಳಬಹುದಲ್ಲವೇ? ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಟುರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ 2009ರಲ್ಲಿ ಇದನ್ನೇ ಪರೀಕ್ಷಿಸಿದರು. ಅಟೆನ್‌ಬರೋದಂತಹ ಅಪರೂಪದ ಹೆಸರಿನವರಲ್ಲಿ ಬಹುಪಾಲು ಗಂಡಸರ ವೈ ಒಂದೇ ಬಗೆಯದು: ಒಬ್ಬ ಮೂಲಪುರುಷ. ಸ್ಮಿತ್‌ಗಳಲ್ಲಿ ಅಂತಹ ಹೋಲಿಕೆ ಕಾಣಲಿಲ್ಲ. ಸ್ಮಿತ್ ಅಂದರೆ ಕಮ್ಮಾರ, ಊರಿಗೊಬ್ಬ ಇದ್ದೇ ಇರುತ್ತಿದ್ದ. ನಾಯಕ ಈ ಸ್ಮಿತ್‌ನ ಸಾಲಿಗೆ ಸೇರಿದ ಹೆಸರು.

ಹೆಸರು ಹಿಡಿದು ಲೆಕ್ಕ ಹಾಕುವ ಇನ್ನೊಂದು ದಾರಿ ಜಾರ್ಜ್ ಡಾರ್ವಿನ್‌ನದು. ಚಾರ್ಲ್ಸ್ ಡಾರ್ವಿನ್ ಮತ್ತು ಅವನ ಹೆಂಡತಿ ಎಮ್ಮಾ ಹತ್ತಿರದ ಸಂಬಂಧಿಗಳು. ಮಗ ಜಾರ್ಜ್‌ಗೆ ಈ ವಿಷಯದಲ್ಲಿ ಕುತೂಹಲವಿದ್ದದ್ದು ಸಹಜ. ಒಂದೇ ಮನೆತನದ ಹೆಸರಿನ ವಧೂವರರನ್ನು ಎಣಿಸಿ, ಇಂಗ್ಲೆಂಡಿನಲ್ಲಿ ಸಂಬಂಧದೊಳಗಿನ ಮದುವೆ ಎಷ್ಟು ಎಂದು ಅವನು 1875ರಲ್ಲಿ ಅಂದಾಜು ಮಾಡಿದ. 1965ರಲ್ಲಿ ಕ್ರೋ ಮತ್ತು ಮಾಂಜ್ ಅದಕ್ಕೆ ಸೂತ್ರ ಕೊಟ್ಟರು: ಒಂದೇ ಹೆಸರಿನ ಜೋಡಿಗಳ ಪ್ರಮಾಣವನ್ನು ನಾಲ್ಕರಿಂದ ಭಾಗಿಸಿದರೆ ಅಂತಃಸಂತಾನ ಗುಣಾಂಕ, ಅಂದರೆ ಗಂಡ ಹೆಂಡತಿ ಎಷ್ಟು ಹತ್ತಿರದ ರಕ್ತಸಂಬಂಧಿಗಳು ಎಂಬುದರ ಅಳತೆ, ಸಿಗುತ್ತದೆ.

ಈ ಸೂತ್ರವನ್ನು ಉಬ್ರಾಣಿಗೆ ತಂದು ನೋಡಿ. ನಾಯಕ ಸಮುದಾಯದಲ್ಲಿ ಹುಡುಗನೂ ನಾಯಕ, ಹುಡುಗಿಯ ತಂದೆಯೂ ನಾಯಕ. ಎಲ್ಲ ಜೋಡಿಗಳದೂ ಒಂದೇ ಹೆಸರು, ಆದ್ದರಿಂದ ಗುಣಾಂಕ ನಾಲ್ಕನೇ ಒಂದು. ಅಂದರೆ ಪ್ರತಿ ಮದುವೆಯೂ ಒಡಹುಟ್ಟಿದವರದು! ಹಾಗಾದರೆ ಪದವಿಯ ಹೆಸರು ಬಿಟ್ಟು, ಅದರಡಿಯ ವಂಶದ ಪದರವಾದ ಬೆಡಗು ಹಿಡಿಯೋಣ. ಒಂದೇ ಬೆಡಗಿನವರು ಅಣ್ಣತಂಗಿಯರ ಲೆಕ್ಕ, ಅವರಲ್ಲಿ ಮದುವೆಯಿಲ್ಲ. ಈಗ ಗುಣಾಂಕ ಸೊನ್ನೆ. ಅದೂ ಸುಳ್ಳೇ. ಸೋದರಮಾವನ ಮಗಳು, ಸೋದರತ್ತೆಯ ಮಗಳು, ಅಕ್ಕನ ಮಗಳು, ಮೂವರ ಬೆಡಗೂ ಹುಡುಗನದಕ್ಕಿಂತ ಬೇರೆ. ನಮ್ಮಲ್ಲಿ ಸಂಬಂಧ ಬೆಳೆಸುವುದು ಅಲ್ಲಿಯೇ. ಸೋದರಮಾವನ ಮಗಳಾದರೆ ಗುಣಾಂಕ ಹದಿನಾರನೇ ಒಂದು, ಅಕ್ಕನ ಮಗಳಾದರೆ ಎಂಟನೇ ಒಂದು. 1980ರ ದಶಕದಲ್ಲಿ ಬಿಟಲ್ಸ್, ಅಪ್ಪಾಜಿ ರಾವ್ ಮುಂತಾದವರು ಕರ್ನಾಟಕದಲ್ಲಿ ಮಾಡಿದ ದೊಡ್ಡ ಅಧ್ಯಯನದಲ್ಲಿ ಸಂಬಂಧದೊಳಗಿನ ಮದುವೆಗಳು ಮೂರರಲ್ಲೊಂದರ ಆಸುಪಾಸಿನಲ್ಲಿದ್ದವು. ಅವರು ಹೆಸರು ಎಣಿಸುವ ಗೋಜಿಗೆ ಹೋಗದೆ, ಗಂಡ ಹೆಂಡತಿಗೆ ಏನು ಸಂಬಂಧ ಎಂದು ನೇರವಾಗಿ ಕೇಳಿಯೇ ತಿಳಿದರು.

ಸರ್ಕಾರಕ್ಕೂ ಈ ಹೆಸರು ತಲೆನೋವೇ. 1991ರ ತಿದ್ದುಪಡಿಯಲ್ಲಿ ಬೇಡ, ಬೇಡರ್, ವಾಲ್ಮೀಕಿ ಎಂಬ ಹೆಸರುಗಳು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ನಾಯಕದ ಪಕ್ಕ ಸೇರಿದವು. 2020ರಲ್ಲಿ ಪರಿವಾರ, ತಳವಾರ ಬಂದವು. ಲಂಬಾಣಿ ನಾಯ್ಕರು ಪರಿಶಿಷ್ಟ ಜಾತಿ, ನಾಮಧಾರಿ ನಾಯ್ಕರು ಹಿಂದುಳಿದ ವರ್ಗ, ಸಾರಸ್ವತ ನಾಯಕರು ಸಾಮಾನ್ಯ ವರ್ಗ. ಅರ್ಜಿಯ 'ಸರ್‌ನೇಮ್' ಕಾಲಂನಲ್ಲಿ ಮಾತ್ರ ನಾಲ್ವರದೂ ಹೆಚ್ಚುಕಡಿಮೆ ಒಂದೇ ಕಾಗುಣಿತ. ಬೆಡಗಿಗೆ ಅಲ್ಲಿ ಕಾಲಂ ಇಲ್ಲ. ಅದನ್ನು ಈಗಲೂ ಹೆಣ್ಣು ನೋಡಲು ಬಂದ ಹಿರಿಯರು ಕಾಫಿ ಲೋಟ ಕೆಳಗಿಡುವ ಮೊದಲೇ ಬಾಯಿಬಿಟ್ಟು ಕೇಳುತ್ತಾರೆ. ತಾಯಿಯ ತವರು ಯಾವ ಬೆಡಗು ಎಂದೂ ಕೇಳುತ್ತಾರೆ.